ಜಿಮಖಾನಾ: ಒಂದು ಪದದ ಒಳಗೂ ಹೊರಗೂ

ಪುಣೆಯ ಜನ ‘ಡೆಕ್ಕನ್’ ಎಂದಷ್ಟೇ ಕರೆಯುವ ಬಡಾವಣೆಯ ಪೂರ್ಣ ಹೆಸರು ಡೆಕ್ಕನ್ ಜಿಮಖಾನಾ. ನಿತ್ಯಬಳಕೆಯಲ್ಲಿ ಉದುರಿಹೋದ ಈ ಉತ್ತರಪದಕ್ಕೆ ಸ್ವಾರಸ್ಯಕರವಾದ ಚರಿತ್ರೆಯಿದೆ.

ಯೂಲ್ ಮತ್ತು ಬರ್ನೆಲ್ ಸಂಪಾದಿಸಿ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶದ ಪ್ರಕಾರ ಇದು ಕೃತಕವಾಗಿ ಕಟ್ಟಿದ ಪದ. ಬಹುಶಃ ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿದ್ದು. ಅವರಿಗೆ ದೊರೆತ ಮೊದಲ ಪ್ರಯೋಗ 1861ರ ರೂರ್ಕಿಯದು. ಮೂಲ ‘ಗೇಂದ್‌ಖಾನಾ’, ಅಂದರೆ ಚೆಂಡಿನ ಮನೆ, ಇದ್ದಿರಬೇಕೆಂದು ಅವರ ಊಹೆ. ‘ಖಾನಾ’ ನಮಗೆ ದವಾಖಾನೆ, ಕಾರಖಾನೆಗಳಿಂದ ಪರಿಚಿತವಾದ ಪಾರಸಿ. ‘ಗೇಂದ್’ ಮಾತ್ರ ಗ್ರೀಕ್ ಮೂಲದ ‘ಜಿಮ್ನೇಸಿಯಂ’ನ ತಲೆ ತೊಟ್ಟುಕೊಂಡಿತು.

ಆದರೆ ಪದದ ಅರ್ಥವನ್ನು ನಿರ್ಧರಿಸಿದ್ದು ವ್ಯುತ್ಪತ್ತಿಯಲ್ಲ, ಬಾಗಿಲು. 1875ರ ಬಾಂಬೆ ಜಿಮಖಾನಾ ಯುರೋಪಿಯನ್ನರದಾಗಿತ್ತು. ಅನಂತರ ಪಾರಸಿಗಳು, ಹಿಂದೂಗಳು, ಮುಸಲ್ಮಾನರು ತಮ್ಮತಮ್ಮ ಜಿಮಖಾನಾ ಕಟ್ಟಿಕೊಂಡರು. ಆಟದ ಮನೆ ಸಮುದಾಯದ ಬೇಲಿಯೂ ಆಯಿತು.

ಧಾರವಾಡದಲ್ಲಿ ಹುಟ್ಟಿದ ದಲಿತ ಕ್ರಿಕೆಟಿಗ ಪಾಲ್ವಣಕರ ಬಾಳೂ ಅವರಿಗೆ ಆ ಬೇಲಿ ಎರಡು ಕಡೆಯಿಂದಲೂ ತಟ್ಟಿತು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಅವರು ಮೈದಾನದ ಕೆಲಸಗಾರ. ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯಬೇಕು, ಬ್ಯಾಟು ಹಿಡಿಯುವ ಅವಕಾಶವಿಲ್ಲ. ಅವರ ಬೌಲಿಂಗ್ ಬೇಕೆಂದು ಕರೆದುಕೊಂಡ ಪುಣೆಯ ಹಿಂದೂ ತಂಡವೂ ಚಹಾ ಕೊಡುತ್ತಿದ್ದುದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಬಟ್ಟಲಲ್ಲಿ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಅದರ ಪ್ರಮುಖ ಬೌಲರುಗಳಲ್ಲಿ ಬಾಳೂ ಒಬ್ಬರು.

ಡೆಕ್ಕನ್ ಜಿಮಖಾನಾ ಸ್ಥಾಪನೆಯಾದದ್ದೂ ಅದೇ ವರ್ಷ. ಇದು ಪುಣೆಯ ಭಾರತೀಯರೇ ಕಟ್ಟಿದ ಸಂಸ್ಥೆ. ಇದರ ಕ್ರೀಡಾಕೂಟವೇ ಭಾರತದಿಂದ ಒಲಿಂಪಿಕ್ಸಿಗೆ ತಂಡ ಕಳಿಸುವ ಯೋಚನೆಗೆ ಕಾರಣವಾಯಿತು. ದೊರಾಬ್ಜಿ ಟಾಟಾ ಅದಕ್ಕೆ ಬೆನ್ನೆಲುಬಾದರು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ಚೆಂಡಿನ ಮನೆಯಾಗಿದ್ದ ಪದಕ್ಕೆ ಈಗ ದೇಶದ ಹಂಬಲವೂ ಸೇರಿಕೊಂಡಿತು.

ಇಂಗ್ಲೆಂಡಿಗೆ ಹೋದ ಪದ ಬೇರೆಯೇ ದಾರಿ ಹಿಡಿಯಿತು: ಅಲ್ಲಿ ಜಿಮಖಾನಾ ಎಂದರೆ ಮುಖ್ಯವಾಗಿ ಮಕ್ಕಳು ಕುದುರೆಮರಿಗಳೆಂಬಂಥ ಪುಟ್ಟ ಕುದುರೆಗಳನ್ನೇರಿ ಆಡುವ ಸ್ಪರ್ಧೆ. ಇತ್ತ ಉತ್ತರ ಕರ್ನಾಟಕದ ಕಾಲೇಜುಗಳಲ್ಲಿ ಅದು ಕ್ರೀಡಾಚಟುವಟಿಕೆಯ ವಿಭಾಗ. ಮುಂಬಯಿಯ ಐಐಟಿಯಲ್ಲಿ ವಿದ್ಯಾರ್ಥಿ ಸಂಘಟನೆ.

ಒಂದೇ ಪದ ಸಾಹೇಬರ ಬೇಲಿಯೂ ವಿದ್ಯಾರ್ಥಿಗಳ ಅಂಗಳವೂ ಆಯಿತು. ನಿಘಂಟು ಈ ಅರ್ಥಗಳನ್ನೆಲ್ಲ ಕ್ರಮವಾಗಿ ಪಟ್ಟಿ ಮಾಡೀತು. ಒಂದು ಕಾಲದಲ್ಲಿ ಆ ಅರ್ಥದ ಹೊರಗೆ ನಿಂತು ಚಹಾ ಕುಡಿದವರು ಯಾರೆಂಬುದನ್ನು ಚರಿತ್ರೆಯಿಂದಲೇ ಕೇಳಿ ತಿಳಿಯಬೇಕು.