ಹವಾಗುಣ ಬದಲಾವಣೆ: ಪ್ರಕೃತಿಯ ಪಾಲೆಷ್ಟು, ಮಾನವನ ಪಾಲೆಷ್ಟು?

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೈತ ಬಾಂಧವರಿಗಾಗಿ

ಪೀಠಿಕೆ

ಹಾಸನ ತಾಲ್ಲೂಕಿನ ಕೊರವಂಗಲದ ಬೂಚೇಶ್ವರ ದೇವಾಲಯವು ಕ್ರಿ.ಶ. 1173ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ನಿರ್ಮಾಣವಾಯಿತು. ಆ ಕಾಲದ ಶಾಸನಗಳಲ್ಲಿ ಕೆರೆ ಕಟ್ಟಿಸಿದ, ಕೆರೆಗೆ ಭೂಮಿ ದತ್ತಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಮಳೆಯನ್ನು ಪೂರ್ತಿಯಾಗಿ ನಂಬುವಂತಿಲ್ಲ ಎಂಬುದು ನಮ್ಮ ಪೂರ್ವಿಕರಿಗೆ ತಿಳಿದಿತ್ತು. ಇದನ್ನೇ ಆಧಾರವಾಗಿಟ್ಟುಕೊಂಡು, "ಹಿಂದೆಯೂ ಬರ ಬಂದಿತ್ತು, ಈಗಿನದೂ ಕಾಲಚಕ್ರವೇ, ಮತ್ತೆ ಮೊದಲಿನಂತಾಗುತ್ತದೆ" ಎನ್ನುವವರಿದ್ದಾರೆ. ಬೆಳೆ ಕೈಕೊಟ್ಟಾಗಲೆಲ್ಲ ಹವಾಗುಣ ಬದಲಾವಣೆಯನ್ನೇ ದೂರುವವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಅರ್ಧ ಸತ್ಯ ಮಾತ್ರ ಇದೆ.

ಈ ಪ್ರಶ್ನೆ ರೈತರಿಗೆ ಏಕೆ ಮುಖ್ಯ?

ಈಗಿನ ತಾಪಮಾನ ಏರಿಕೆ ಕೇವಲ ಕಾಲಚಕ್ರವಾಗಿದ್ದರೆ, ಕೆಲವು ವರ್ಷ ಕಾದು ಹಳೆಯ ಪದ್ಧತಿಯಲ್ಲೇ ಮುಂದುವರಿಯಬಹುದು. ಮಾನವ ಚಟುವಟಿಕೆಯಿಂದ ಉಂಟಾಗಿದ್ದರೆ, ಕಾರಣ ನಿಲ್ಲುವವರೆಗೂ ಅದು ಮುಂದುವರಿಯುತ್ತದೆ. ತಾವು ಇಂದು ನೆಡುವ ತೆಂಗಿನ ಸಸಿ 60 ವರ್ಷಕ್ಕೂ ಮೀರಿ ಫಲ ಕೊಡಬೇಕಾದದ್ದು. ಆದ್ದರಿಂದ ಈ ಪ್ರಶ್ನೆಗೆ ತಾವು ಕಂಡುಕೊಳ್ಳುವ ಉತ್ತರವೇ ತಮ್ಮ ದೀರ್ಘಾವಧಿ ಹೂಡಿಕೆಯನ್ನು ನಿರ್ಧರಿಸುತ್ತದೆ.

ಹವಾಮಾನ ಮತ್ತು ಹವಾಗುಣ

ಇಂದಿನ ಮಳೆ, ನಾಳೆಯ ಬಿಸಿಲು ಹವಾಮಾನ. ಒಂದು ಪ್ರದೇಶದ ಸುಮಾರು 30 ವರ್ಷಗಳ ಹವಾಮಾನದ ಸರಾಸರಿ ಸ್ಥಿತಿಯೇ ಹವಾಗುಣ. ಒಂದು ವರ್ಷದ ಬರದಿಂದ ಹವಾಗುಣ ಬದಲಾಗಿದೆ ಎಂದು ಹೇಳಲಾಗದು. ಒಂದು ವರ್ಷದ ಒಳ್ಳೆಯ ಮಳೆಯಿಂದ ಬದಲಾಗಿಲ್ಲ ಎಂದೂ ಹೇಳಲಾಗದು.

ನೈಸರ್ಗಿಕ ಕಾರಣಗಳು

1. ಎಲ್ ನಿನೊ: ಪೆಸಿಫಿಕ್ ಸಾಗರದ ಮೇಲ್ಮೈ ನೀರು ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಹೆಚ್ಚು ಬಿಸಿಯಾಗುತ್ತದೆ. ಅಂತಹ ವರ್ಷಗಳಲ್ಲಿ ಭಾರತದ ಮುಂಗಾರು ದುರ್ಬಲಗೊಳ್ಳುವ ಸಂಭವ ಹೆಚ್ಚು. 1877ರಲ್ಲಿ ಪ್ರಬಲ ಎಲ್ ನಿನೊ ಇತ್ತು. 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 2023ರಲ್ಲಿಯೂ ಎಲ್ ನಿನೊ ಇತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು.

2. ಜ್ವಾಲಾಮುಖಿ: 1991ರಲ್ಲಿ ಫಿಲಿಪೈನ್ಸ್‌ನ ಪಿನಾಟುಬೊ ಸ್ಫೋಟಿಸಿದಾಗ ಅದರ ಕಣಗಳು ಬಿಸಿಲನ್ನು ತಡೆದು, ಭೂಮಿಯ ಸರಾಸರಿ ತಾಪಮಾನವನ್ನು ಸುಮಾರು 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಸಿದವು. ಈ ಪರಿಣಾಮ ಒಂದೆರಡು ವರ್ಷಗಳಲ್ಲಿ ಮರೆಯಾಯಿತು.

3. ಸೂರ್ಯ ಮತ್ತು ಭೂಕಕ್ಷೆ: ಸೂರ್ಯನ ಶಾಖ ಸುಮಾರು 11 ವರ್ಷಗಳ ಆವರ್ತದಲ್ಲಿ ಅಲ್ಪ ಪ್ರಮಾಣದಲ್ಲಿ ಏರಿಳಿಯುತ್ತದೆ. ಭೂಕಕ್ಷೆಯ ಬದಲಾವಣೆಗಳು ಹಿಮಯುಗಗಳಿಗೆ ಕಾರಣವಾಗಿವೆ. ಆದರೆ ಅವು ಸಾವಿರಾರು ವರ್ಷಗಳಲ್ಲಿ ನಿಧಾನವಾಗಿ ನಡೆಯುವಂಥವು.

ಮಾನವ ನಿರ್ಮಿತ ಕಾರಣಗಳು

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳ ದಹನ ಹಾಗೂ ಅರಣ್ಯನಾಶದಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸುಮಾರು 280 ಭಾಗವಿತ್ತು. ಈಗ 420 ಭಾಗವನ್ನು ದಾಟಿದೆ. ಈ ಅನಿಲ ಶಾಖವನ್ನು ಹಿಡಿದಿಡುತ್ತದೆ ಎಂಬುದು ಹೊಸ ವಾದವಲ್ಲ. ಜಾನ್ ಟಿಂಡಾಲ್ 1859ರಲ್ಲಿಯೇ ಇದನ್ನು ಪ್ರಯೋಗದಿಂದ ತೋರಿಸಿದ್ದರು. ಕೃಷಿಯ ಪಾಲೂ ಇದೆ: ನೀರು ನಿಂತ ಗದ್ದೆ ಮತ್ತು ಜಾನುವಾರುಗಳಿಂದ ಮೀಥೇನ್, ಅತಿಯಾದ ಸಾರಜನಕ ಗೊಬ್ಬರದಿಂದ ನೈಟ್ರಸ್ ಆಕ್ಸೈಡ್ ಹೊರಬರುತ್ತವೆ.

ಕಾರಣವನ್ನು ಬೇರ್ಪಡಿಸುವುದು ಹೇಗೆ?

ಸಿಡಿಲಿನಿಂದ ಬಣವೆಗೆ ಬೆಂಕಿ ಬಿದ್ದದ್ದುಂಟು ಎಂದ ಮಾತ್ರಕ್ಕೆ ಬೀಡಿಯ ಕಿಡಿಯಿಂದ ಬೆಂಕಿ ಬೀಳಲಾರದು ಎನ್ನಲಾಗದು. ಈ ಸಲ ಬೆಂಕಿ ಯಾವುದರಿಂದ ಬಿತ್ತು ಎಂಬುದನ್ನು ಗುರುತುಗಳಿಂದಲೇ ತಿಳಿಯಬೇಕು. ಈಗಿನ ತಾಪಮಾನ ಏರಿಕೆಯ ಮುಖ್ಯ ಗುರುತುಗಳು ಇವು:

• 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. ಅದು ಏರುತ್ತಾ ಹೋಗಿಲ್ಲ. ಭೂಮಿಯ ತಾಪಮಾನ ಮಾತ್ರ ಏರಿದೆ.
• ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಕೆಳಪದರ, ಮೇಲ್ಪದರಗಳೆರಡೂ ಬಿಸಿಯಾಗಬೇಕಿತ್ತು. ಆದರೆ ಕೆಳಪದರ ಬಿಸಿಯಾಗುತ್ತಿದೆ, ಮೇಲಿನ ಸ್ತರಗೋಳ ತಂಪಾಗುತ್ತಿದೆ. ಶಾಖ ಕೆಳಗೇ ಉಳಿಯುತ್ತಿದೆ ಎಂಬುದಕ್ಕೆ ಇದು ಸಾಕ್ಷಿ.
• ಎಲ್ ನಿನೊ ಸಾಗರದ ಶಾಖವನ್ನು ಗಾಳಿಗೆ ಸಾಗಿಸುತ್ತದೆಯೇ ಹೊರತು ಹೊಸ ಶಾಖವನ್ನು ಸೇರಿಸುವುದಿಲ್ಲ. ಈಗ ಗಾಳಿ, ಸಾಗರ ಎರಡೂ ಬಿಸಿಯಾಗುತ್ತಿವೆ.
• ಪಳೆಯುಳಿಕೆ ಇಂಧನದ ಇಂಗಾಲಕ್ಕೆ ತನ್ನದೇ ಆದ ಪರಮಾಣು ಲಕ್ಷಣವಿದೆ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದಲ್ಲಿ ಅದೇ ಲಕ್ಷಣ ಕಂಡುಬರುತ್ತದೆ. ಜ್ವಾಲಾಮುಖಿಗಳು ಹೊರಹಾಕುವ ಇಂಗಾಲದ ಡೈಆಕ್ಸೈಡ್ ಮಾನವರು ಹೊರಹಾಕುವುದರ ಶೇ. 1ಕ್ಕಿಂತಲೂ ಕಡಿಮೆ.

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2021ರ ವರದಿಯ ಪ್ರಕಾರ, 1850–1900ರ ಅವಧಿಗೆ ಹೋಲಿಸಿದರೆ 2010–2019ರ ವೇಳೆಗೆ ಮಾನವ ಚಟುವಟಿಕೆಯಿಂದಾದ ಏರಿಕೆ ಸುಮಾರು 1.07 ಡಿಗ್ರಿ. ಸೂರ್ಯ ಮತ್ತು ಜ್ವಾಲಾಮುಖಿಗಳ ಒಟ್ಟು ಪಾಲು ಹೆಚ್ಚೆಂದರೆ 0.1 ಡಿಗ್ರಿಯಷ್ಟು ಏರಿಕೆ ಅಥವಾ ಇಳಿಕೆ. ಭಾರತದಲ್ಲಿ 1901ರಿಂದ 2018ರ ಅವಧಿಯಲ್ಲಿ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ.

ಮಳೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ

ತಾಪಮಾನದ ಬಗ್ಗೆ ಇಷ್ಟು ಖಚಿತವಾಗಿ ಹೇಳುವಂತೆ ಒಂದು ಹೋಬಳಿಯ ಮಳೆಯ ಬಗ್ಗೆ ಹೇಳಲಾಗದು. ಮಳೆ ಸ್ವಭಾವತಃ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಆದರೂ ಎರಡು ಅಂಶಗಳು ಗಮನಾರ್ಹ. ಪ್ರತಿ ಒಂದು ಡಿಗ್ರಿ ಏರಿಕೆಗೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದ್ದರಿಂದ ಸುರಿದಾಗ ಭಾರಿ ಮಳೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ಮೌಲ್ಯಮಾಪನದಂತೆ, 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ತಗ್ಗಿದೆ. ಗಮನಾರ್ಹ ಇಳಿಕೆ ಕಂಡ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಗೊರೂರಿನ ಹೇಮಾವತಿ ಜಲಾಶಯಕ್ಕೆ ನೀರು ಬರುವುದು ಆ ಘಟ್ಟದಿಂದಲೇ.

ಹವಾಗುಣದ ಮೇಲೆ ಹೊರಿಸಬಾರದ ದೋಷಗಳು

ಕೆಲವು ನಷ್ಟಗಳಿಗೆ ಕಾರಣ ಪೆಸಿಫಿಕ್ ಸಾಗರದಲ್ಲಿಯೂ ಇಲ್ಲ, ಕಾರ್ಖಾನೆಯ ಹೊಗೆಯಲ್ಲಿಯೂ ಇಲ್ಲ, ನಮ್ಮೂರಿನಲ್ಲಿಯೇ ಇದೆ. ಹೂಳು ತುಂಬಿದ ಕೆರೆ ಒಳ್ಳೆಯ ಮಳೆಯಲ್ಲಿಯೂ ನೀರು ಹಿಡಿಯದು. ಒತ್ತುವರಿಯಾದ ರಾಜಕಾಲುವೆಯಲ್ಲಿ ನೀರು ಕೆರೆ ಸೇರದು. ಮರುಪೂರಣಕ್ಕಿಂತ ಹೆಚ್ಚು ನೀರೆತ್ತಿದರೆ ಕೊಳವೆಬಾವಿ ಬತ್ತುವುದು ಸಹಜ. ಆಲೂಗಡ್ಡೆಯ ಅಂಗಮಾರಿ ತಂಪು, ಮೋಡ, ಜಡಿಮಳೆಯ ವಾತಾವರಣದಲ್ಲಿ ಹರಡುತ್ತದೆ ನಿಜ. ಆದರೆ ಸೋಂಕು ಬಿತ್ತನೆ ಗೆಡ್ಡೆಯ ಮೂಲಕವೇ ಹೊಲಕ್ಕೆ ಬರಬಹುದು. ಇವೂ ಮಾನವ ನಿರ್ಮಿತ ಕಾರಣಗಳೇ. ಇವುಗಳ ಪರಿಹಾರ ಬಹುಪಾಲು ಊರಿನವರ ಕೈಯಲ್ಲಿಯೇ ಇದೆ.

ರೈತರು ಕೈಗೊಳ್ಳಬೇಕಾದ ಕ್ರಮಗಳು

ಹಾಸನ (ಆಲೂಗಡ್ಡೆ): ಗೆಡ್ಡೆ ಕಟ್ಟಲು ರಾತ್ರಿಯ ತಾಪಮಾನ 15ರಿಂದ 20 ಡಿಗ್ರಿ ಇರುವುದು ಸೂಕ್ತ, ರಾತ್ರಿ ಬಿಸಿಯೇರಿದಂತೆ ಇಳುವರಿ ತಗ್ಗುತ್ತದೆ. ರೋಗಮುಕ್ತ, ದೃಢೀಕೃತ ಬಿತ್ತನೆ ಗೆಡ್ಡೆಯನ್ನೇ ಬಳಸಿರಿ. ಬದುಗಳನ್ನು ಎತ್ತರಿಸಿ, ನೀರು ಬಸಿದು ಹೋಗುವಂತೆ ಮಾಡಿರಿ. ಜಮೀನನ್ನೆಲ್ಲ ಒಂದೇ ಬೆಳೆಗೆ ಮೀಸಲಿಡಬೇಡಿರಿ.

ಹೊಳೆನರಸೀಪುರ (ನಾಲಾ ಪ್ರದೇಶದ ಭತ್ತ): ನೀರನ್ನು ಸದಾ ನಿಲ್ಲಿಸದೆ, ಗದ್ದೆಯನ್ನು ಸರದಿಯಂತೆ ತೋಯಿಸಿ ಒಣಗಿಸುವ ಪದ್ಧತಿಯನ್ನು ಅನುಸರಿಸಿರಿ. ನೀರು ಉಳಿಯುತ್ತದೆ, ಮೀಥೇನ್ ಕೂಡ ತಗ್ಗುತ್ತದೆ. ಯೂರಿಯಾವನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ, ಕಂತುಗಳಲ್ಲಿ ಕೊಡಿರಿ.

ಅರಕಲಗೂಡು (ಹೊಗೆಸೊಪ್ಪು, ಮುಸುಕಿನ ಜೋಳ): ಸೊಪ್ಪು ಹದಗೊಳಿಸುವ ಬ್ಯಾರನ್‌ಗಳಿಗೆ ಬೇಕಾದ ಸೌದೆಗಾಗಿ ಕಾಡನ್ನು ಅವಲಂಬಿಸದೆ, ಬದುಗಳಲ್ಲಿ ಮರ ಬೆಳೆಸಿರಿ. ಮುಸುಕಿನ ಜೋಳದಲ್ಲಿ ದ್ವಿದಳ ಧಾನ್ಯವನ್ನು ಅಂತರಬೆಳೆಯಾಗಿ ಹಾಕಿರಿ.

ಚನ್ನರಾಯಪಟ್ಟಣ (ತೆಂಗು, ರಾಗಿ): ತೆಂಗಿನ ಪಾತಿಗೆ ಸಿಪ್ಪೆ, ಗರಿಗಳ ಹೊದಿಕೆ ಹಾಕಿ, ಹನಿ ನೀರಾವರಿ ಅಳವಡಿಸಿರಿ. ಮುಂಗಾರು ತಡವಾದರೆ ದೀರ್ಘಾವಧಿಯ ರಾಗಿ ತಳಿಯ ಬದಲು ಜಿಪಿಯು-48ರಂತಹ ಅಲ್ಪಾವಧಿ ತಳಿಯನ್ನು ಆರಿಸಿಕೊಳ್ಳಿರಿ.

ಎಲ್ಲ ತಾಲ್ಲೂಕುಗಳಿಗೆ: ಕೃಷಿ ಹೊಂಡ ತೋಡಿಸಿರಿ, ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿರಿ, ಗಡುವಿನೊಳಗೆ ಬೆಳೆ ವಿಮೆ ಮಾಡಿಸಿರಿ. ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುವ ಕೃಷಿ ಹವಾಮಾನ ಸಲಹೆಯನ್ನು, 'ಮೇಘದೂತ್' ಆ್ಯಪ್ ಅಥವಾ 'ವರುಣಮಿತ್ರ' ಸಹಾಯವಾಣಿಯ ಮಾಹಿತಿಯನ್ನು ನೋಡಿ ಬಿತ್ತನೆ, ಸಿಂಪರಣೆಗಳ ದಿನವನ್ನು ನಿಗದಿಪಡಿಸಿರಿ.

ಸಾರಾಂಶ

ಈ ವರ್ಷ ಮಳೆ ಬರುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಪ್ರಕೃತಿಯ ಏರಿಳಿತಗಳು ನಿರ್ಧರಿಸುತ್ತವೆ. ದಶಕದಿಂದ ದಶಕಕ್ಕೆ ಏರುತ್ತಿರುವ ತಾಪಮಾನಕ್ಕೆ ಮಾನವ ಚಟುವಟಿಕೆಯೇ ಕಾರಣ. ಬಿದ್ದ ಮಳೆ ಹೊಲದಲ್ಲಿ, ಕೆರೆಯಲ್ಲಿ ನಿಲ್ಲುವುದೋ ಹರಿದುಹೋಗುವುದೋ ಎಂಬುದು ನಮ್ಮ ನಿರ್ವಹಣೆಗೆ ಸೇರಿದ್ದು. ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ, ಮೊದಲನೆಯದಕ್ಕೆ ಮುನ್ಸೂಚನೆ ಮತ್ತು ವಿಮೆ, ಎರಡನೆಯದಕ್ಕೆ ಬೆಳೆ ಹಾಗೂ ತಳಿಗಳ ಹೊಂದಾಣಿಕೆ, ಮೂರನೆಯದಕ್ಕೆ ಕೆರೆ ಮತ್ತು ಮಣ್ಣಿನ ಸಂರಕ್ಷಣೆ ಎಂಬ ಕ್ರಮದಲ್ಲಿ ಯೋಜನೆ ಹಾಕಿಕೊಳ್ಳಿರಿ. ತಮ್ಮ ಜಮೀನಿಗೆ ಹೊಂದುವ ಸಲಹೆಗಾಗಿ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.