ವಿಜ್ಞಾನಮಾಪನ

ಸಂಶೋಧಕರು ಎಷ್ಟು ಪ್ರಬಂಧ ಪ್ರಕಟಿಸುತ್ತಾರೆ, ಎಲ್ಲಿ ಪ್ರಕಟಿಸುತ್ತಾರೆ, ಅವನ್ನು ಯಾರು ಉಲ್ಲೇಖಿಸುತ್ತಾರೆ ಎಂಬುದನ್ನು ಅಂಕಿಸಂಖ್ಯೆಗಳಿಂದ ಅಳೆಯುವ ಅಧ್ಯಯನ ಶಾಖೆ. ಸೈಂಟೊಮೆಟ್ರಿಕ್ಸ್ ಎಂದೂ ಹೆಸರು. ಭಾರತದಲ್ಲಿ ಇದರ ಬೇರನ್ನು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರಲ್ಲಿ ಕಾಣಬೇಕು. ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ‘ಲೈಬ್ರಮೆಟ್ರಿ’ಯನ್ನು ಅವರು 1948ರಲ್ಲಿ ಇಂಗ್ಲೆಂಡಿನಲ್ಲಿ ನಡೆದ, ವಿಶೇಷ ಗ್ರಂಥಾಲಯಗಳ ಸಂಘವಾದ ಆಸ್ಲಿಬ್‌ನ ಸಮ್ಮೇಳನದಲ್ಲಿ ಸೂಚಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ, ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು (ಡಿಆರ್‌ಟಿಸಿ) ಸ್ಥಾಪಿಸಿದರು. ಮಾಹಿತಿಯನ್ನು ಅಂಕಿಸಂಖ್ಯೆಗಳಿಂದ ಅಳೆಯುವ ಇನ್ಫಾರ್ಮೆಟ್ರಿಕ್ಸ್‌ನ ಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನ 1991ರಲ್ಲಿ ಬೆಂಗಳೂರಿನಲ್ಲೇ ನಡೆಯಿತು.

ಈ ಶಾಖೆಯ ಹಳೆಯ ಸೂತ್ರಗಳಲ್ಲಿ ಆಲ್ಫ್ರೆಡ್ ಲೋಟ್ಕಾ 1926ರಲ್ಲಿ ಮಂಡಿಸಿದ್ದು ಇಂದಿಗೂ ಮುಖ್ಯ. ಅದರ ಪ್ರಕಾರ, ಒಂದು ವಿಷಯದಲ್ಲಿ ಒಂದೇ ಪ್ರಬಂಧ ಬರೆದವರು 100 ಮಂದಿ ಇದ್ದರೆ, ಎರಡು ಬರೆದವರು ಸುಮಾರು 25, ಮೂರು ಬರೆದವರು 11, ಹತ್ತು ಬರೆದವರು ಒಬ್ಬರು. ಅಂದರೆ ಬಹುಪಾಲು ಬರವಣಿಗೆ ಕೆಲವರದ್ದೇ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ರೂಪಿಸಿದ ಎಚ್-ಸೂಚ್ಯಂಕ ಈಗ ಎಲ್ಲೆಡೆ ಬಳಕೆಯಲ್ಲಿದೆ: ತಲಾ ಕನಿಷ್ಠ 10 ಬಾರಿ ಉಲ್ಲೇಖಗೊಂಡ 10 ಪ್ರಬಂಧಗಳಿದ್ದವರ ಸೂಚ್ಯಂಕ ಕನಿಷ್ಠ 10. ಉಲ್ಲೇಖದ ರೂಢಿ ವಿಷಯದಿಂದ ವಿಷಯಕ್ಕೆ ಬೇರೆಯಾದ್ದರಿಂದ ಗಣಿತಜ್ಞರನ್ನೂ ವೈದ್ಯ ಸಂಶೋಧಕರನ್ನೂ ಇದೊಂದರಿಂದಲೇ ತೂಗುವುದು ಅನ್ಯಾಯ. ಕನ್ನಡದಲ್ಲಿ ಬರುವ ವಿಜ್ಞಾನ ಬರಹವಂತೂ ಈ ಲೆಕ್ಕದಲ್ಲಿ ಬಹುಮಟ್ಟಿಗೆ ಸೇರುವುದೇ ಇಲ್ಲ.