ಬೇಗಂಪೇಟೆಯಿಂದ ಶಂಷಾಬಾದಿಗೆ: ಹೈದರಾಬಾದ್–ಬೆಂಗಳೂರು ವಿಮಾನಯಾನದ ದೂರ ಮತ್ತು ಕಾಲ

ದಖ್ಖನ್ನಿನ ವಿಮಾನಯಾನದ ಇತಿಹಾಸದಲ್ಲಿ ಕನ್ನಡ ನೆಲಕ್ಕೆ ಮೊದಲ ಪುಟಗಳಲ್ಲಿಯೇ ಸ್ಥಾನವಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ವಿಮಾನಚಾಲಕ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಮುಂದೆ ಈ ಅಂಚೆಮಾರ್ಗದಲ್ಲಿ ಬಳ್ಳಾರಿಯ ಸ್ಥಾನ ಹೈದರಾಬಾದಿಗೆ ದೊರೆಯಿತು. ನಿಜಾಮ್ ಸರ್ಕಾರವೂ ಟಾಟಾ ಸಂಸ್ಥೆಯೂ ಪಾಲುದಾರರಾಗಿ 1945ರಲ್ಲಿ ಸ್ಥಾಪಿಸಿದ ಡೆಕ್ಕನ್ ಏರ್‌ವೇಸ್, ಹೈದರಾಬಾದಿನ ಬೇಗಂಪೇಟೆಯ ನಿಲ್ದಾಣವನ್ನು ನೆಲೆಯಾಗಿಸಿಕೊಂಡು ಡಕೋಟಾ ವಿಮಾನಗಳನ್ನು ನಡೆಸಿ, 1953ರ ರಾಷ್ಟ್ರೀಕರಣದಲ್ಲಿ ಇಂಡಿಯನ್ ಏರ್‌ಲೈನ್ಸಿನೊಳಗೆ ಸೇರಿಹೋಯಿತು.

ಎರಡು ನಿಲ್ದಾಣಗಳ ನಡುವಿನ ವಾಯುದೂರವೆಂದರೆ ಭೂಗೋಳದ ಮೇಲ್ಮೈಯನ್ನು ಅನುಸರಿಸಿ ಎಳೆಯಬಹುದಾದ ಅತಿ ಹ್ರಸ್ವ ರೇಖೆಯ ಉದ್ದ. ಬೇಗಂಪೇಟೆಗೂ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೂ ನಡುವೆ ಇದು ಸುಮಾರು 505 ಕಿ.ಮೀ. ಇದ್ದು, ಗಂಟೆಗೆ 270 ಕಿ.ಮೀ. ಆಸುಪಾಸಿನ ವೇಗದ ಡಕೋಟಾಕ್ಕೆ ಎರಡು ಗಂಟೆಗಳಷ್ಟು ಹಿಡಿಯುವ ಹಾದಿಯಾಗಿತ್ತು. ಜೆಟ್ ವಿಮಾನಗಳು ಬಂದ ಮೇಲೆ ಆಕಾಶದಲ್ಲಿ ಕಳೆಯುವ ಅವಧಿ ಒಂದು ಗಂಟೆಯ ಸುತ್ತಮುತ್ತಕ್ಕೆ ಇಳಿಯಿತು. ವೇಳಾಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಸಮಯ ಕಾಣುವುದು, ನಿಲುಗಡೆಯಿಂದ ಹೊರಟು ಮತ್ತೊಂದು ನಿಲುಗಡೆ ಸೇರುವವರೆಗಿನ ಓಡಾಟವನ್ನೂ ಅದರಲ್ಲಿ ಸೇರಿಸುವುದರಿಂದ.

2008ರಲ್ಲಿ ಈ ಲೆಕ್ಕವೇ ಬದಲಾಯಿತು. ಮಾರ್ಚ್ 23ರಂದು ಹೈದರಾಬಾದಿನ ಪ್ರಯಾಣಿಕ ಸಂಚಾರ ದಕ್ಷಿಣದ ಶಂಷಾಬಾದಿಗೂ, ಮೇ 24ರಂದು ಬೆಂಗಳೂರಿನದು ಉತ್ತರದ ದೇವನಹಳ್ಳಿಗೂ ಸ್ಥಳಾಂತರಗೊಂಡಾಗ, ಎರಡೂ ನಿಲ್ದಾಣಗಳು ಒಂದರತ್ತ ಒಂದು ಸರಿದಂತಾಗಿ, ವಾಯುದೂರ ಸುಮಾರು 455 ಕಿ.ಮೀ.ಗೆ ಕುಗ್ಗಿತು. ಆದರೆ ಆಕಾಶದಲ್ಲಿ ಉಳಿದ ಐವತ್ತು ಕಿಲೋಮೀಟರನ್ನು ಪ್ರಯಾಣಿಕರು ಎರಡೂ ತುದಿಗಳಲ್ಲಿ ನೆಲದ ಮೇಲೆ ತೆರಬೇಕಾಯಿತು.

ಆ ಹೊತ್ತಿಗಾಗಲೇ ಸಾಫ್ಟ್‌ವೇರ್ ಉದ್ಯಮದ ನೆಲೆಯಾಗಿದ್ದ, ಹೈದರಾಬಾದಿನ ಪಶ್ಚಿಮ ಅಂಚಿನ ಗಚ್ಚಿಬೌಲಿಗೆ ಈ ಬದಲಾವಣೆ ಒಟ್ಟಿನಲ್ಲಿ ಅನುಕೂಲವನ್ನೇ ತಂದಿತು. ನಗರವನ್ನು ಸುತ್ತುವರಿಯುವ 158 ಕಿ.ಮೀ. ಹೊರವರ್ತುಲ ರಸ್ತೆಯಲ್ಲಿ ಮೊದಲು, ಅದೇ ವರ್ಷದ ನವೆಂಬರಿನಲ್ಲಿ ತೆರೆದದ್ದು ಗಚ್ಚಿಬೌಲಿ–ಶಂಷಾಬಾದ್ ನಡುವಿನ ಸುಮಾರು 22 ಕಿ.ಮೀ. ಭಾಗ. ಹಳೆಯ ನಿಲ್ದಾಣ ದೂರದಲ್ಲಿ ಹತ್ತಿರವಿದ್ದರೂ ಅಲ್ಲಿಗೆ ನಗರದ ದಟ್ಟಣೆಯನ್ನು ದಾಟಿ ಹೋಗಬೇಕಿತ್ತು. ಹೊಸ ನಿಲ್ದಾಣ ದೂರವಾದರೂ ಸಂಕೇತದೀಪಗಳಿಲ್ಲದ ರಸ್ತೆಯ ಕೊನೆಯಲ್ಲಿತ್ತು.

ನೆಲದ ಮೇಲೆ ಕಳೆಯುವ ಈ ಕಾಲದ ತೂಕ ಯಾನದ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯ್ದು, ಸುಮಾರು 14,000 ಕಿ.ಮೀ.ಗಳನ್ನು ತಡೆಯಿಲ್ಲದೆ ಕ್ರಮಿಸಿ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನಕ್ಕೆ ಹಿಡಿದದ್ದು ಸುಮಾರು ಹದಿನೇಳು ಗಂಟೆ. ಅಂಥ ದೀರ್ಘ ಯಾನದಲ್ಲಿ ನಿಲ್ದಾಣ ತಲುಪುವ ಒಂದು ಗಂಟೆ ಗಣನೆಗೆ ಬಾರದು. ಹೈದರಾಬಾದ್–ಬೆಂಗಳೂರಿನಂಥ ಸಮೀಪದ ಮಾರ್ಗದಲ್ಲಾದರೋ ಅದು ಹಾರಾಟದ ಅವಧಿಗೇ ಸಮನಾಗುತ್ತದೆ. ಈ ಮಾರ್ಗದ ಪ್ರಯಾಣಕಾಲವನ್ನು ಮೊದಲ ದಶಕಗಳಲ್ಲಿ ವಿಮಾನದ ವೇಗ ನಿರ್ಧರಿಸಿತ್ತು. 2008ರಿಂದ ಈಚೆಗೆ ಅದನ್ನು ನಿರ್ಧರಿಸುತ್ತಿರುವುದು ನಿಲ್ದಾಣಗಳ ನೆಲೆ ಮತ್ತು ಅಲ್ಲಿಗೆ ಹೋಗುವ ರಸ್ತೆ.